ಗಂಟಿಲ್ಲದ ತಂತಿ

ತಂತಿ ಮಾಸ್ತರ ಬಲ ಮುಂಗೈಯ ಅಡಿಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಹಿಂದಕ್ಕೆ, ಒಂದು ಜಡ್ಡು ಇತ್ತು. ಎತ್ತಿನ ಹೆಗಲ ಮೇಲೆ ನೊಗ ಕೂತು ಕೂತು ಕಟ್ಟುತ್ತದಲ್ಲ, ಅಂಥದ್ದು. ಕಪ್ಪಗೆ, ಹುಣಸೆಬೀಜದ ಹಾಗೆ ನುಣ್ಣಗೆ. ಅವರು ನನ್ನ ಅಂಗಡಿಗೆ ಮೊದಲ ಸಲ ಬಂದಾಗ ನಾನು ನೋಡಿದ್ದು ಅದನ್ನೇ. ವ್ಯಾಪಾರಕ್ಕೆ ಕೂರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಗಿರಾಕಿ ಮೆಟ್ಟಿಲು ಹತ್ತುವಾಗ ಮುಖ ನೋಡಬೇಡಿ, ಕೈ ನೋಡಿ. ಮುಖವನ್ನು ಯಾರು ಬೇಕಾದರೂ ತೊಳೆದು ಒರೆಸಿಕೊಂಡು ತರಬಹುದು. ಹತ್ತಿ ಬಿಡಿಸುವವಳ ಕೈ, ಕಮ್ಮಾರನ ಕೈ, ಗುಮಾಸ್ತನ ಕೈ, ಎಲ್ಲ ನನಗೆ ಗೊತ್ತು. ಈ ಜಡ್ಡು ಮಾತ್ರ ಯಾವ ಕಸುಬಿನದು ಎಂದು ತಿಳಿಯಲಿಲ್ಲ. ತಿಳಿಯದ ಕೈಗೆ ನಾನು ದರವನ್ನು ಒಂದು ಮೆಟ್ಟಿಲು ಏರಿಸಿಯೇ ಹೇಳುತ್ತೇನೆ. ಅವತ್ತೂ ಹಾಗೇ ಮಾಡಿದೆ.

ಆದೋನಿಯಲ್ಲಿ ಹಳೇ ಹತ್ತಿ ಗಿರಣಿಗಳ ಮೋಟಾರುಗಳನ್ನು ಕೊಂಡು, ಒಳಗಿನ ತಾಮ್ರ ಬಿಚ್ಚಿ, ಹೊಸದಾಗಿ ಸುತ್ತಿಸಿ ಮಾರುವ ಅಂಗಡಿ ನನ್ನದು. ಅದಕ್ಕೂ ಮುಂಚೆ ಎತ್ತಿನ ಸಂತೆಯಲ್ಲಿ ದಲಾಲಿ ಮಾಡಿದವನು. ಅಪ್ಪ ಬಿಟ್ಟುಹೋದದ್ದು ಒಂದು ಟವೆಲ್ಲು ಮಾತ್ರ. ಆ ಟವೆಲ್ಲಿನ ಕೆಳಗೆ ಕೊಳ್ಳುವವರ ಬೆರಳು ಹಿಡಿದು ಹಿಡಿದು ಮೇಲೆ ಬಂದೆ.

ಮಾಸ್ತರು ಕಿಸೆಯಿಂದ ಮಡಚಿದ ಕಾಗದ ತೆಗೆದು ಗಲ್ಲೆಯ ಮೇಲೆ ಬಿಡಿಸಿದರು. ಒಂದು ಪೈಪಿನ ಚಿತ್ರ, ಅದರ ಸುತ್ತ ತಂತಿಯ ಸುತ್ತುಗಳು, ಪಕ್ಕದಲ್ಲಿ ಅಳತೆ.

"ಇಂಥಾದ್ದೊಂದು ಸುರುಳಿ ಬೇಕು. ನಾನ ಸುತ್ತಬಹುದಿತ್ತು, ಕೈಯಾಗ ಈಗ ಬಿಗಿ ಇಲ್ಲ. ದಪ್ಪ ತಾಮ್ರದ ತಂತಿ, ಒಂದ ಎಳಿ. ನಡುವ ಗಂಟು ಇರಬಾರದು."

"ಗಂಟಿದ್ರ ಏನಾಗ್ತೈತ್ರಿ? ಕರೆಂಟು ಹರಿತೈತಲ್ಲ."

"ಹರೀತದ. ಆದ್ರ ಅಲ್ಲಿ ತಡೀತದ. ತಡದಲ್ಲಿ ಕಾಯ್ತದ, ಕಾದಲ್ಲಿ ಸುಡ್ತದ." ಇಷ್ಟು ಹೇಳಿ ನನ್ನ ಮುಖ ನೋಡಿ, "ಮುಟ್ಟಿತೇನು?" ಎಂದರು.

ತಿಳಿಯಿತೇ ಎಂದು ಕೇಳುವ ಕಡೆಯಲ್ಲೆಲ್ಲ ಅವರು ಮುಟ್ಟಿತೇನು ಎಂದೇ ಕೇಳುತ್ತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನಾನು ದರ ಹೇಳಿದೆ. ಅವರು ಹೂಂ ಎಂದು ಎಣಿಸಿ ಕೊಟ್ಟುಬಿಟ್ಟರು. ನಮ್ಮಂಥವರಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ. ಚೌಕಾಶಿ ಮಾಡದ ಗಿರಾಕಿ ಒಂದೋ ಪೆದ್ದ, ಇಲ್ಲವೇ ನಮ್ಮನ್ನು ಮಾತಿಗೆ ಲಾಯಕ್ಕಲ್ಲ ಎಂದುಕೊಂಡವನು. ಅವರು ಮೂರನೆಯ ಜಾತಿ ಎಂದು ಅವತ್ತು ತಿಳಿಯಲಿಲ್ಲ: ನನ್ನ ಮಾತನ್ನು ನಂಬಿದವರು.

ಅಷ್ಟು ಉದ್ದದ ತಂತಿ ನನ್ನಲ್ಲಿ ಒಂದೇ ಎಳೆಯಾಗಿ ಇರಲಿಲ್ಲ. ಇದ್ದದ್ದು ಎರಡು ತುಂಡು. ಬಳ್ಳಾರಿಯಿಂದ ತರಿಸಬೇಕಿತ್ತು, ಒಂದು ದಿನ ತಡವಾಗುತ್ತಿತ್ತು, ಅಷ್ಟೇ. ಬಂದ ಗಿರಾಕಿಯನ್ನು ಮರಳಿ ಕಳಿಸಬಾರದು ಎಂದು ನನಗೆ ನಾನೇ ಕಲಿಸಿಕೊಂಡಿದ್ದೆ. ಎರಡೂ ತುಂಡಿನ ತುದಿ ಕೆರೆದು, ಹೆಣೆದು, ಬೆಸುಗೆ ಹಾಕಿ, ಅರದಿಂದ ಉಜ್ಜಿ ಸಮ ಮಾಡಿದೆ. ಸುರುಳಿ ಬಯಲಲ್ಲಿ ಇರುವುದರಿಂದ ಮಂಜಿಗೆ ತಡೆಯಲೆಂದು ಮೇಲೆ ಬಟ್ಟೆಯ ಟೇಪು ಸುತ್ತಿ ವಾರ್ನಿಷ್ ಬಳಿಯಲು ಅವರೇ ಹೇಳಿದ್ದರು. ನನಗೆ ಅದು ಅನುಕೂಲವೇ ಆಯಿತು. ಗಂಟು ಟೇಪಿನ ಕೆಳಗೆ ಹೋಯಿತು.

"ಒಂದ ಎಳಿ ಹೌದಲ್ಲ?" ಎಂದು ಒಯ್ಯುವಾಗ ಕೇಳಿದರು.

"ಒಂದ ಎಳಿ ರೀ ಮಾಸ್ತರ" ಎಂದೆ. ನಾಲಗೆ ತಡವರಿಸಲೂ ಇಲ್ಲ.

ಸುರುಳಿ ಯಾವುದಕ್ಕೆ ಎಂಬ ಕುತೂಹಲಕ್ಕೆ ನಾನೇ ಅದನ್ನು ಹೊತ್ತು ಅವರ ಮನೆಗೆ ಹೋದೆ. ಬೆಟ್ಟದ ಬುಡದ ಓಣಿ, ಹಿತ್ತಲಲ್ಲಿ ಒಂದು ಬೇವಿನ ಮರ. ಅವರು ನಂದವರಂ ಕಡೆಯ ವೈಷ್ಣವರ ಮನೆತನ. ತಂದೆ ಪುರಾಣ ಹೇಳುವವರು. ಮಗ ಹೋಗಿ ತಂತಿ ಆಫೀಸು ಸೇರಿದ. ಮೇಜಿನ ಅಂಚಿಗೆ ಮುಂಗೈ ಊರಿ ಕೀ ಒತ್ತಿ ಒತ್ತಿ ಕಟ್ಟಿದ ಜಡ್ಡು ಅದು. ತಂತಿ ನಿಂತುಹೋದ ಮೇಲೆ, ಕಲಿತ ಕೈ ಸುಮ್ಮನೆ ಇರಲಾರದೆ, ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋದ ಲೈಸೆನ್ಸು ಮಾಡಿಕೊಂಡಿದ್ದರು. ಬೆಳಿಗ್ಗೆ ಹಚ್ಚಿದ ಗೋಪಿಚಂದನ ಸಂಜೆಗೆ ಬೆವರಿನಲ್ಲಿ ಅರ್ಧ ಇಳಿದಿರುತ್ತಿತ್ತು, ಕಿವಿಗೆ ಮಾತ್ರ ಯಾವಾಗಲೂ ಹೆಡ್‌ಫೋನು ಇರುತ್ತಿತ್ತು.

ಅವರ ಹುಚ್ಚು ಎಲ್ಲಕ್ಕಿಂತ ಕೆಳಗಿನ ಬ್ಯಾಂಡಿನದು. ಅಲೆ ಒಂದೊಂದೂ ನೂರರವತ್ತು ಮೀಟರು ಉದ್ದ. ಅದನ್ನು ಏಳಿಸಲು ಅಷ್ಟೇ ದೊಡ್ಡ ತಂತಿ ಬೇಕು, ಅವರ ಹಿತ್ತಲು ನನ್ನ ಅಂಗಡಿಗಿಂತ ಒಂದಿಷ್ಟು ದೊಡ್ಡದು. ಅದಕ್ಕೇ ಈ ಸುರುಳಿ. "ಹಿತ್ತಲದಾಗ ಹಿಡಿಸದ ಉದ್ದಾನ ಸುತ್ತಿ ಡಬ್ಬಿಗೆ ಹಾಕೋದು" ಎಂದು ಹೇಳಿದರು. ಕೆಳಗೆ ನೆಲವೂ ಸಾಥ್ ಕೊಡಬೇಕಂತೆ. ನಮ್ಮ ನೆಲ ಬಂಡೆ. ಹಿತ್ತಲ ತುಂಬ ತಂತಿ ಹೂತು, ನಡುವಿನ ಗುಂಡಿಗೆ ದಿನಾ ಸಂಜೆ ಎರಡು ಕೊಡ ನೀರು ಹೊಯ್ಯುತ್ತಿದ್ದರು.

ಅವರ ಮನೆಯಾಕೆ ಕರ್ನೂಲಿನ ಕಡೆಯವರು, ಮಾತೆಲ್ಲ ತೆಲುಗು. ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚೆಟ್ಟುಕು ಲೇನಿ ನೀಳ್ಳು ಈ ತೀಗಕಾ?" ಎಂದರು. ಗಿಡಕ್ಕಿಲ್ಲದ ನೀರು ಈ ತಂತಿಗಾ, ಎಂದು.

"ಎರಡ ಕೊಡ ಅಷ್ಟ. ಗಿಡಕ್ಕ ನಾಳೆ ಹಾಕ್ತೀನಿ."

"ರೇಪು ರೇಪು ಅನಿ ಮಲ್ಲೆ ಚಚ್ಚಿಪೋಯಿಂದಿ." ನಾಳೆ ನಾಳೆ ಎಂದೇ ಮಲ್ಲಿಗೆ ಬಳ್ಳಿ ಸತ್ತಿತ್ತು.

ಮಾಸ್ತರು ನನ್ನ ಕಡೆ ತಿರುಗಿದರು. "ಕ್ರಾಸ್‌ಬ್ಯಾಂಡ್ ಅಂದ್ರ ಏನು ಅಂತ ಕೇಳಿದೆಲ್ಲ, ಇದ. ಆಕಿ ಒಂದರಾಗ ಅಂತಾಳ, ನಾ ಇನ್ನೊಂದರಾಗ ಅಂತೀನಿ. ಆಕೀದು ನನಗ ಮುಟ್ಟತದ, ನಂದು ಆಕಿಗೆ ಮುಟ್ಟತದ. ಮದಿವಿ ಆದಾಗಿಂದ ಹಿಂಗ ನಡದದ."

ನಮ್ಮೂರಿನವನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪೇಟೆಯಲ್ಲಿ ನಾನು ಕನ್ನಡದಲ್ಲಿ ದರ ಕೂಗುತ್ತೇನೆ, ದೇವನಕೊಂಡದ ಕಡೆಯ ರೈತ ತೆಲುಗಿನಲ್ಲಿ ಬೈಯುತ್ತಾನೆ, ವ್ಯಾಪಾರ ಮುಗಿಯುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎತ್ತಿನ ಸಂತೆಯ ಕತೆ ಹೇಳಿದೆ: ಬಾಯಲ್ಲಿ ಎತ್ತಿನ ಹಲ್ಲು ಸುಳಿಯ ಮಾತು, ಟವೆಲ್ಲಿನ ಕೆಳಗೆ ಬೆರಳಲ್ಲಿ ದರದ ಮಾತು. ಮಾಸ್ತರು ಹೆಡ್‌ಫೋನು ತೆಗೆದಿಟ್ಟು, ಹೆಗಲ ಮೇಲಿನ ವಸ್ತ್ರ ನಮ್ಮಿಬ್ಬರ ಕೈ ಮೇಲೆ ಹೊದಿಸಿ, "ಎಲ್ಲಿ, ಹಿಡಿ ನೋಡೋಣು" ಎಂದರು. ಐದು ಬೆರಳು ಹಿಡಿದರೆ ಎಷ್ಟು, ಮಡಚಿದರೆ ಎಷ್ಟು, ಎಲ್ಲ ಕಲಿತರು. ಆಮೇಲೆ ತಮ್ಮ ತಂತಿಯ ಭಾಷೆಯನ್ನು ನನ್ನ ಅಂಗೈಯಲ್ಲಿ ಒತ್ತಿ ತೋರಿಸಿದರು: ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ.

"ಇದು ಆರ್. ನೀ ಕಳಿಸಿದ್ದು ಬಂದು ಮುಟ್ಟಿತು ಅಂತ."

ಈ ಆರ್ ವಿಷಯದಲ್ಲಿ ನಾನು ಒಮ್ಮೆ ಮುಖಭಂಗ ಮಾಡಿಕೊಂಡೆ. ಅವರ ಮೂಲೆಯಲ್ಲಿ ಒಂದು ಹಳೇ ಲಾರಿ ಬ್ಯಾಟರಿ ಇತ್ತು. ನಾನು ಒಂದು ದರ ಹೇಳಿದೆ. ಅವರು ರೇಡಿಯೋ ಕಡೆ ಮುಖ ಮಾಡಿದವರು, "ಆರ್" ಎಂದರು. ವ್ಯಾಪಾರ ಕುದುರಿತು ಎಂದುಕೊಂಡು ಬ್ಯಾಟರಿಯನ್ನು ಆಟೋಕ್ಕೆ ಏರಿಸಿದೆ.

"ಏನಪಾ, ನನ್ನ ಬ್ಯಾಟರಿ ಎಲ್ಲಿಗಿ ಹೊಂಟದ?"

"ನೀವ ಆರ್ ಅಂದ್ರೆಲ್ಲ ಮಾಸ್ತರ."

ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. "ಆರ್ ಅಂದ್ರ ಒಪ್ಪಿದೆ ಅಂತಲ್ಲೋ ಸಾವ್ಕಾರ. ನೀ ಅಂದದ್ದು ನನಗ ಕೇಳಿಸ್ತು ಅಂತ. ಒಪ್ಪೋದು, ಬಿಡೋದು, ಸಿಟ್ಟಾಗೋದು, ಅದೆಲ್ಲ ಮುಂದಿನ ಮಾತು. ಮೊದಲು ಮುಟ್ಟಬೇಕು."

ಬ್ಯಾಟರಿ ಇಳಿಸಿದೆ. ಅದು ಅವರಿಗೆ ಬೇಕಿತ್ತು. ಕರೆಂಟು ಹೋದಾಗ ಓಣಿಯೆಲ್ಲ ಶಾಪ ಹಾಕುತ್ತಿದ್ದರೆ ಮಾಸ್ತರು ಮಾತ್ರ ಹಬ್ಬದ ಹಾಗೆ ಎದ್ದು ಬ್ಯಾಟರಿಗೆ ವೈರು ಸಿಕ್ಕಿಸುತ್ತಿದ್ದರು. ಕೆಳಗಿನ ಬ್ಯಾಂಡಿಗೆ ಊರಿನ ಕರೆಂಟೇ ವೈರಿ. ಹಿಟ್ಟಿನ ಗಿರಣಿಯ ಮೋಟಾರು, ಅಗ್ಗದ ಬಲ್ಬು, ಫೋನಿನ ಚಾರ್ಜರು, ಎಲ್ಲವೂ ಅದರೊಳಗೆ ಬಂದು ಕರಕರ ಎನ್ನುತ್ತವೆ. ಯಾರ ಮನೆಯ ಫ್ಯಾನಿಗೆ ಆಯುಸ್ಸು ಮುಗಿದಿದೆ ಎಂಬುದು ಆ ಮನೆಯವರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ನನಗೆ ಆ ಕಡೆಯಿಂದ ಎರಡು ಮೂರು ಗಿರಾಕಿ ಸಿಕ್ಕರು, ಸುಳ್ಳೇಕೆ ಹೇಳಲಿ.

ಇನ್ನು ಅವರ ಗೆಳೆಯನ ವಿಷಯ. ಪಡುವಣ ಸಮುದ್ರದ ಕಡೆಯ ಒಂದು ಸಣ್ಣ ಊರಿನ ತಂತಿ ಆಫೀಸಿನಲ್ಲಿ ಇದ್ದವರು. ಇಬ್ಬರೂ ಇಡೀ ನೌಕರಿಯನ್ನು ಒಂದೇ ತಂತಿಯ ಎರಡು ತುದಿಗೆ ಕೂತು ಮುಗಿಸಿದ್ದರು. ಒಮ್ಮೆಯೂ ಮುಖ ನೋಡಿರಲಿಲ್ಲ. "ಕೈ ಗೊತ್ತು" ಎನ್ನುತ್ತಿದ್ದರು ಮಾಸ್ತರು. ಒತ್ತುವ ರೀತಿಯಲ್ಲೇ ಅವನಿಗೆ ನೆಗಡಿಯೋ, ಮನೆಯಲ್ಲಿ ಜಗಳವೋ ತಿಳಿಯುತ್ತಿತ್ತಂತೆ. ನಿವೃತ್ತಿಯ ಮೇಲೆ ಇಬ್ಬರೂ ರೇಡಿಯೋ ಹಿಡಿದರು. ದಿನಾ ಬೆಳಿಗ್ಗೆ ನಲವತ್ತು ಮೀಟರಿನ ಬ್ಯಾಂಡಿನಲ್ಲಿ, ಅದೇ ತಂತಿಯ ಭಾಷೆಯಲ್ಲಿ, ಅರ್ಧ ತಾಸು ಮಾತು. ಅದು ಸಲೀಸಾದ ಬ್ಯಾಂಡು, ಎರಡು ಕಂಬ ಸಾಕು.

ಆದರೆ ಇಬ್ಬರ ನಡುವೆ ಒಂದು ಹಟ ಇತ್ತು. ನಿಮ್ಮ ಬಂಡೆಯೂರಿಂದ ಕೆಳಗಿನ ಅಲೆ ಏಳಲಾರದು ಎಂದು ಆತ ಹಂಗಿಸುತ್ತಿದ್ದ. ಏಳಿಸುತ್ತೇನೆ, ನಿನ್ನ ಕಿವಿಗೆ ಹಾಕುತ್ತೇನೆ ಎಂದು ಇವರು. ಆತನಿಗೆ ಇದ್ದದ್ದು ಮೂರನೇ ಮಹಡಿಯ ಬಾಲ್ಕನಿ. ಅಲ್ಲಿ ಕೆಳಗಿನ ಬ್ಯಾಂಡು ಕೇಳಲು ಒಂದು ಸಣ್ಣ ಬಳೆಯಂಥ ಆ್ಯಂಟೆನಾ ಹಿಡಿಯುತ್ತಿತ್ತು, ಕಳಿಸುವ ತಂತಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಒಪ್ಪಂದ ಆದದ್ದು ಹೀಗೆ: ಮಾಸ್ತರು ಕೆಳಗಿನದರಲ್ಲಿ ಕರೆಯಬೇಕು, ಆತ ಕೇಳಿ ನಲವತ್ತರಲ್ಲಿ ಉತ್ತರ ಕೊಡಬೇಕು. ಮಾಸ್ತರು ಕ್ರಾಸ್‌ಬ್ಯಾಂಡ್ ಎಂದದ್ದು ಇದನ್ನೇ. ಎರಡು ಚಳಿಗಾಲ ಹಾಗೇ ಹೋಗಿದ್ದವು, ಹಳೇ ಸುರುಳಿಯಲ್ಲಿ ಏನೂ ಮುಟ್ಟಿರಲಿಲ್ಲ. ಅದಕ್ಕೇ ನನ್ನ ಅಂಗಡಿಗೆ ಬಂದದ್ದು.

ಆ ಮೂರನೇ ಚಳಿಗಾಲದಲ್ಲಿ ಗೆಳೆಯನ ಕೈ ನಿಧಾನವಾಯಿತು. ಆತ ಹೇಳುವ ಮೊದಲೇ ಮಾಸ್ತರಿಗೆ ಗೊತ್ತಾಗಿತ್ತು. ಎದೆಯ ಆಪರೇಷನ್ನು ಮಾಡಬೇಕು, ಶನಿವಾರ ಆಸ್ಪತ್ರೆಗೆ ಸೇರಬೇಕು ಎಂದು ಒಂದು ಬೆಳಿಗ್ಗೆ ತಿಳಿಸಿದ. ಅದಕ್ಕೂ ಮುಂಚೆ ಒಂದು ಸಲ ನಿನ್ನ ಕೈಯನ್ನು ಕೆಳಗಿನದರಲ್ಲಿ ಕೇಳಬೇಕು ಎಂದ. ಗುರುವಾರ ಸಂಜೆ, ಹೊತ್ತು ಮುಳುಗಿ ದೀಪ ಹಚ್ಚುವ ಹೊತ್ತು ಗೊತ್ತಾಯಿತು. ಈ ಅಲೆಗಳು ಕತ್ತಲಾಗುವಾಗಲೇ ಏಳುವುದು.

"ಅರ್ಧ ತಾಸು ಓಣಿ ಸುಮ್ಮನಿದ್ರ ಸಾಕಿತ್ತು" ಎಂದರು ಮಾಸ್ತರು. ಕೇಳಿದ್ದಲ್ಲ, ತಮ್ಮಷ್ಟಕ್ಕೆ ಅಂದುಕೊಂಡದ್ದು. ಗೆಳೆಯ ನಲವತ್ತರಲ್ಲಿ ಕೊಡುವ ಉತ್ತರವೂ ಆ ನಿಧಾನದ ಕೈಯಲ್ಲಿ ಬರಬೇಕು, ಇಲ್ಲಿನ ಗದ್ದಲದಲ್ಲಿ ಅದು ಮುಳುಗಬಾರದು.

ಅದು ನನ್ನ ಕೆಲಸ ಎಂದುಕೊಂಡೆ. ಮನೆ ಮನೆಗೆ ಹೋದೆ. ಬಲ್ಬು ಆರಿಸುವವರನ್ನು ಒಪ್ಪಿಸುವುದು ಸುಲಭ. ಗಿರಣಿಯ ಅಕ್ಕ ಮಾತ್ರ ಗಟ್ಟಿ.

"ಅಕ್ಕಾ, ಗುರುವಾರ ಸಂಜಿ ಅರ್ಧ ತಾಸು ಗಿರಣಿ ನಿಲ್ಲಸಬೇಕಲ್ಲ."

"ಯಾಕ, ನಿನಗ ಇನ್ನೊಂದು ಮದಿವಿ ಐತೇನು?"

"ಮಾಸ್ತರ್ದು ಗೆಳೆಯಾರ ಜೋಡಿ ಮಾತು ಐತಿ."

"ಅವರ ಮನ್ಯಾಗ ಫೋನಿಲ್ಲೇನು?"

"ಫೋನಿನ್ಯಾಗ ಆಡೋ ಮಾತಲ್ಲ ಅದು."

"ಅಯ್ಯ, ಈ ವಯಸ್ಸಿನ್ಯಾಗ." ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಸಂಜಿ ಹೊತ್ತಿನ್ಯಾಗ ಹತ್ತು ಮಂದಿ ಜ್ವಾಳ ತಂದು ನಿಂತಿರ್ತಾರ. ನನಗೇನು ಬರತೈತಿ?"

"ನಿನ್ನ ಬೆಲ್ಟು ಹರಿದು ಎಷ್ಟು ದಿನ ಆತು?"

"ನೋಡೀದಿ ಅಲಾ, ಕಳ್ಳ."

ಬೆಲ್ಟು ಕೊಟ್ಟೆ, ಅರ್ಧ ತಾಸು ತಂದೆ. ನನ್ನ ಜೀವಮಾನದಲ್ಲಿ ಮಾಡಿದ ಅತಿ ಒಳ್ಳೆಯ ವ್ಯಾಪಾರ ಅದು ಎಂದು ಅವತ್ತು ಬೀಗಿಕೊಂಡು ಬಂದೆ. ಸುರುಳಿಯ ಗಂಟು ನೆನಪಿಗೇ ಬರಲಿಲ್ಲ. ಪರೀಕ್ಷೆಗೆಂದು ಕಮ್ಮಿ ಪವರಿನಲ್ಲಿ ಎರಡು ವಾರ ಅದು ಸರಿಯಾಗಿಯೇ ನಡೆದಿತ್ತು.

ಗುರುವಾರ ಓಣಿ ಸುಮ್ಮನಾಯಿತು. ಮಾಸ್ತರು ಮಡಿ ಉಟ್ಟು ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೇಜಿನ ಎಡಕ್ಕೆ ಕೆಳಗಿನ ಬ್ಯಾಂಡಿನ ಸೆಟ್ಟು, ಬಲಕ್ಕೆ ನಲವತ್ತರದು. ಎಡಕ್ಕೆ ಬಾಯಿ, ಬಲಕ್ಕೆ ಕಿವಿ. ನಾನು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತಿದ್ದೆ, ನನಗೂ ಕೇಳಲೆಂದು ಒಂದು ಸಣ್ಣ ಸ್ಪೀಕರು ಹಚ್ಚಿದ್ದರು. ಬಲಗಡೆಯ ಸೆಟ್ಟಿನಲ್ಲಿ ಗೆಳೆಯ, ನಾನು ಇದ್ದೇನೆ, ಕರೆ ಎಂದನೆಂದು ಮಾಸ್ತರು ಬಿಡಿಸಿ ಹೇಳಿದರು. ಮಾಸ್ತರು ಪೂರ್ತಿ ಪವರು ಕೊಟ್ಟು ಕೀ ಒತ್ತಿದರು. ಸರ್ಕಾರ ಕೊಟ್ಟ ಅಕ್ಷರಗಳ ಹೆಸರು, ಅದನ್ನು ಮೂರು ಸಲ ಕರೆಯಬೇಕು. ಮೊದಲನೆಯದು ಅರ್ಧಕ್ಕೆ ಬಂದಿತ್ತೋ ಇಲ್ಲವೋ.

ಸುಟ್ಟ ವಾರ್ನಿಷ್ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂಗಿಗೆ ಅದು ಬಂತು. ತಿರುಗಿ ನೋಡಿದರೆ ಸುರುಳಿ ನಿಲ್ಲಿಸಿದ್ದ ಬೇವಿನ ಬುಡದಲ್ಲಿ ಸಣ್ಣ ಹೊಗೆ. ಒಳಗೆ ಸೆಟ್ಟಿನ ಮೀಟರಿನ ಮುಳ್ಳು ಬಿದ್ದುಹೋಗಿತ್ತು. ಮಾಸ್ತರು ಕೀ ಒತ್ತುತ್ತಲೇ ಇದ್ದರು, ಹೋಗುವುದು ನಿಂತಿತ್ತು. ಆಗ ಬಲಗಡೆಯ ಸೆಟ್ಟು ಮಾತಾಡಿತು. ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಂಡು.

"ಅರ್ಧ ಬಂತಂತ" ಎಂದರು ಮಾಸ್ತರು. "ಮತ್ತೊಮ್ಮೆ ಅನ್ನಲಿಕತ್ಯಾನ. ಮತ್ತೊಮ್ಮೆ, ಮತ್ತೊಮ್ಮೆ."

ಕಳಿಸಲು ಏನೂ ಉಳಿದಿರಲಿಲ್ಲ. ನಲವತ್ತರಲ್ಲಿಯೇ, ಸುರುಳಿ ಸುಟ್ಟಿತು, ನಾಳೆ ಇದೇ ಹೊತ್ತಿಗೆ ಎಂದು ಹೇಳಿದರು. ಆ ಕಡೆಯಿಂದ ಒಂದು ಆರ್ ಬಂತು. ಆಮೇಲೆ ಓಣಿಯ ಬಲ್ಬುಗಳು ಒಂದೊಂದಾಗಿ ಹತ್ತಿದವು, ಗಿರಣಿ ಶುರುವಾಯಿತು.

ಮಾಸ್ತರು ಟಾರ್ಚು ಹಿಡಿದು ಹಿತ್ತಲಿಗೆ ಬರುವ ಮುಂಚೆ ನಾನು ಸುರುಳಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟಿದ್ದೆ. ಬೆರಳು ಸುಟ್ಟಿತು, ಬಿಡಲಿಲ್ಲ.

"ಎಲ್ಲಿ ಸುಟ್ಟದ ನೋಡೋಣು ತಡಿ."

"ನೋಡಿ ಏನ್ಮಾಡ್ತೀರಿ ಮಾಸ್ತರ, ಹೊತ್ತು ಹೋಗತೈತಿ. ನಾ ಬಳ್ಳಾರಿಗೆ ಹೋಗಿ ಹೊಸ ತಂತಿ ತಂದು ಸುತ್ತಿ ತರ್ತೀನಿ. ನಾಳೆ ಸಂಜಿಗೆ ನಿಮ್ಮ ಕೈಯಾಗ ಇರತೈತಿ."

ಅವರು ನನ್ನ ಭುಜದ ಮೇಲೆ ಕೈ ಇಟ್ಟರು. "ನಿನ್ನ ಉಪಕಾರ ದೊಡ್ಡದು. ತಪ್ಪು ನಂದು. ಒಮ್ಮಿಗೆ ಪೂರ್ತಿ ಪವರ್ ಕೊಟ್ಟೆ. ಅವಸರ ಮಾಡಿದೆ. ಸುರುಳಿಗೆ ತಡಕೊಳ್ಳಲಿಕ್ಕೆ ಹೊತ್ತು ಕೊಡಲಿಲ್ಲ."

ಅಲ್ಲ ಎಂದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಅನ್ನಲಿಲ್ಲ.

ಹೇಳಿದ ಹಾಗೆ ಮಾಡಿದೆ. ಮರುದಿನ ಸಂಜೆಗೆ ನಿಜವಾಗಿಯೂ ಒಂದೇ ಎಳೆಯ ಸುರುಳಿ ಬೇವಿನ ಬುಡದಲ್ಲಿ ನಿಂತಿತು. ಗಿರಣಿಯ ಅಕ್ಕ ಈ ಸಲ ಏನೂ ಕೇಳದೆ ನಿಲ್ಲಿಸಿದಳು. ಮಾಸ್ತರು ಪವರನ್ನು ಹನಿ ಹನಿಯಾಗಿ ಏರಿಸಿದರು. ಪೂರ್ತಿ ಹೆಸರು ಹೋಯಿತು, ಮೂರು ಸಲ, ಆರು ಸಲ. ಬಲಗಡೆಯ ಸೆಟ್ಟಿನಲ್ಲಿ ಬರೀ ಶ್ಶ್ ಎನ್ನುವ ಸದ್ದು. ಅರ್ಧ ತಾಸು ಮುಗಿಯಿತು. ಓಣಿಯಲ್ಲಿ ಯಾರೂ ದೀಪ ಹಾಕಲಿಲ್ಲ. ಇನ್ನೂ ಕಾಲು ತಾಸು ಕರೆದರು. ಕೊನೆಗೆ ಮನೆಯಾಕೆ ಬಂದು ಹೆಡ್‌ಫೋನನ್ನು ಮೆಲ್ಲಗೆ ತೆಗೆದರು.

ಗೆಳೆಯನಿಗೆ ಹಿಂದಿನ ರಾತ್ರಿಯೇ ಜೋರಾಗಿ, ಶನಿವಾರಕ್ಕೆ ಕಾಯದೆ ಆಸ್ಪತ್ರೆಗೆ ಒಯ್ದಿದ್ದರು. ಆತ ಮರಳಿ ಮನೆಗೆ ಬರಲಿಲ್ಲ. ಆತನ ಮಗಳು ಫೋನು ಮಾಡಿ ತಿಳಿಸಿದಳು.

ಆಮೇಲೆ ಮಾಸ್ತರು ಎರಡು ವರ್ಷ ಬದುಕಿದ್ದರು. ಬೆಳಿಗ್ಗೆ ನಲವತ್ತರಲ್ಲಿ ಕೂರುತ್ತಿದ್ದರು, ಕೇಳುತ್ತಿದ್ದರು, ಕರೆಯುತ್ತಿರಲಿಲ್ಲ. ಕೆಳಗಿನ ಬ್ಯಾಂಡಿನ ಸೆಟ್ಟಿಗೆ ಬಟ್ಟೆ ಹೊದಿಸಿದರು. ಗುಂಡಿಗೆ ನೀರು ಹೊಯ್ಯುವುದು ನಿಂತಿತು. ಆ ಎರಡು ಕೊಡ ಗಿಡಕ್ಕೆ ಹೋಯಿತು, ಮನೆಯಾಕೆ ಅದಕ್ಕೂ ಕಣ್ಣೊರೆಸಿಕೊಂಡರು. ನಾನು ಹೋದಾಗಲೆಲ್ಲ ಮಾತು ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತಿತ್ತು.

"ಇಷ್ಟು ವರ್ಷ ಒಂದು ಅಕ್ಷರ ಅವಸರ ಮಾಡಿದ ಕೈ ಅಲ್ಲಪಾ ಇದು. ಅವತ್ತ ಯಾಕ ಮಾಡಿತು?" ಎಂದು ಆ ಜಡ್ಡನ್ನು ಸವರಿಕೊಳ್ಳುತ್ತಿದ್ದರು.

ಒಂದು ಸಂಜೆಯಂತೂ ಹೇಳಿಬಿಡಲೇಬೇಕು ಎಂದು ಹೊರಟೆ. ದಾರಿಯಲ್ಲಿ ನನ್ನ ಜೊತೆ ನಾನೇ ಚೌಕಾಶಿಗೆ ಇಳಿದೆ. ಹೇಳಿದರೆ ಸತ್ತವನು ಬರುತ್ತಾನೆಯೇ? ಮುದುಕರಿಗೆ ಇನ್ನೊಂದು ನೋವು ಯಾಕೆ? ಹೇಗೂ ಆ ಮನುಷ್ಯ ಉಳಿಯುತ್ತಿರಲಿಲ್ಲವಲ್ಲ? ಮನೆ ಮುಟ್ಟುವಷ್ಟರಲ್ಲಿ ದರವನ್ನು ಸೊನ್ನೆಗೆ ಇಳಿಸಿದ್ದೆ. ಉರುಕುಂದದ ಗುಡಿಗೆ ಹೋಗಿ ತಂದಿದ್ದ ಪ್ರಸಾದ ಕೊಟ್ಟು, ಚಹಾ ಕುಡಿದು ಬಂದೆ. ಚೌಕಾಶಿ ಬಲ್ಲವರಿಗೆ ನನ್ನದೊಂದು ಸಲಹೆ: ಎದುರಿಗೆ ಇನ್ನೊಬ್ಬ ಇದ್ದಾಗ ಮಾತ್ರ ಮಾಡಿ. ನಿಮ್ಮ ಜೊತೆ ನೀವೇ ಕೂತರೆ ಯಾವಾಗಲೂ ಗೆಲ್ಲುತ್ತೀರಿ.

ಮಾಸ್ತರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಕರ್ನೂಲಿನ ಆಸ್ಪತ್ರೆಯಿಂದ, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ನಾನು ಹೋದಾಗ ಮಧ್ಯಾಹ್ನ. ಕಣ್ಣು ಮಾತ್ರ ಮೊದಲಿನದೇ. ಜಡ್ಡಿನ ಕೈ ಎದೆಯ ಮೇಲೆ ಯಾರೋ ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು. ಮನೆಯಾಕೆ ಗಂಜಿ ತರಲು ಒಳಗೆ ಹೋದರು.

ನಾನು ಹೊದಿಕೆಯ ಕೆಳಗೆ ಕೈ ಹಾಕಿ ಅವರ ಎಡಗೈ ಹಿಡಿದೆ. ಯೋಚಿಸಿ ಮಾಡಿದ್ದಲ್ಲ, ಟವೆಲ್ಲಿನ ಅಭ್ಯಾಸ.

"ಮಾಸ್ತರ, ಅವತ್ತಿನ ಸುರುಳ್ಯಾಗ ಗಂಟು ಇತ್ತು" ಎಂದೆ. "ಎರಡು ತುಂಡು ಸೇರಿಸಿ ನಾನ ಕೊಟ್ಟಿದ್ದೆ. ಟೇಪಿನ ಕೆಳಗ ಮುಚ್ಚಿದ್ದೆ. ಸುಟ್ಟದ್ದು ಗಂಟಿನ್ಯಾಗ. ನಿಮಗ ಕಾಣಬಾರದಂತ ನಾನ ಬಿಚ್ಚಿ ಒಯ್ದೆ. ನಿಮ್ಮ ಅವಸರ ಅಲ್ಲ ಅದು. ನಿಮ್ಮ ಕೈ ತಪ್ಪಲ್ಲ."

ಅವರು ಕಣ್ಣು ಮುಚ್ಚಿದರು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಎಡಗೈಯ ಬೆರಳು ನನ್ನ ಅಂಗೈಯಲ್ಲಿ ಅಲುಗಿತು. ಹೊಸದಾಗಿ ಕಲಿಯುವವನ ಕೈಯಂತೆ ತಡವರಿಸಿತು, ನಿಂತಿತು, ಮತ್ತೆ ಮೊದಲಿನಿಂದ ಶುರು ಮಾಡಿತು. ಒಂದು ಗಿಡ್ಡ. ಒಂದು ಉದ್ದ. ಒಂದು ಗಿಡ್ಡ.

ನಾನು ಕಾದೆ. "ಮುಂದ ಏನಾರ ಅನ್ರಿ ಮಾಸ್ತರ. ಬೈಯ್ರಿ ಬೇಕಾದ್ರ" ಎಂದೆ. ಬೆರಳು ಮತ್ತೆ ಅಲುಗಲಿಲ್ಲ. ಕೈ ಬಿಡಲೂ ಇಲ್ಲ, ಹಿಡಿಯಲೂ ಇಲ್ಲ. ಯಾವತ್ತೂ ಮೊದಲ ಮಾತಿಗೆ ಒಪ್ಪದವನು ಅವತ್ತು ಕೊಟ್ಟಷ್ಟನ್ನು ತೆಗೆದುಕೊಂಡು ಎದ್ದೆ.

ನಾಲ್ಕನೆಯ ದಿನ ಅವರು ಹೋದರು.

ಎಲ್ಲ ಮುಗಿದ ಮೇಲೆ ಮನೆಯಾಕೆ ಒಂದು ದಪ್ಪ ಪುಸ್ತಕ ತಂದು ನನ್ನ ಕೈಗಿಟ್ಟರು. ಮಾಸ್ತರು ಯಾರ ಜೊತೆ, ಎಷ್ಟು ಹೊತ್ತಿಗೆ, ಯಾವ ಬ್ಯಾಂಡಿನಲ್ಲಿ ಮಾತಾಡಿದರು ಎಂದು ಬರೆದಿಡುತ್ತಿದ್ದ ಪುಸ್ತಕ. "ತೂಕಾನಿಕಿ ವೇಯೊದ್ದು" ಎಂದರು, ತೂಕಕ್ಕೆ ಹಾಕಬೇಡ ಎಂದು. ನಂತರ ಕೇಳಿದರು, "ಆ ರೋಜು ನೀತೋ ಏಮನ್ನಾರು?"

ಅವತ್ತು ನಿನಗೆ ಏನೆಂದರು? ಅವರು ಬಾಗಿಲಲ್ಲಿ ನಿಂತು ನೋಡಿದ್ದರು.

"ಮುಟ್ಟಿತು ಅಂದ್ರು, ಅಮ್ಮಾ."

"ಅಂತೇನಾ?"

"ಅಷ್ಟ."

ಆ ಪುಸ್ತಕದಲ್ಲಿ ಗುರುವಾರದ ಸಾಲು ಪೂರ್ತಿ ತುಂಬಿಲ್ಲ. ಎರಡೂ ಕಡೆಯಿಂದ ಮುಟ್ಟದೇ ಇದ್ದುದನ್ನು ಸಂಪರ್ಕ ಎಂದು ಬರೆಯಬಾರದು ಎಂಬುದು ಅವರ ನಿಯಮ. ಗೆಳೆಯನ ಹೆಸರಿನ ಮುಂದೆ ಗೆರೆ ಹಾಕಿದ ಮನೆಗಳು ಖಾಲಿ. ಕೊನೆಯ ಮನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: ಸುರುಳಿ ಸುಟ್ಟಿತು. ತಪ್ಪು ನನ್ನದು.

ಹೊಡೆದುಹಾಕಿ ಸರಿಪಡಿಸಬೇಕು ಎಂದು ಪೆನ್ನು ತೆಗೆದದ್ದುಂಟು. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆಯಬಾರದು ಎಂಬುದೂ ಅವರ ನಿಯಮವೇ. ಹಾಗಾಗಿ ದಿನಾ ಬೆಳಿಗ್ಗೆ ಅಂಗಡಿ ತೆಗೆದು, ತಕ್ಕಡಿ ಒರೆಸಿ, ಆ ಪುಟವನ್ನು ಬಿಡಿಸಿ ಆ ಸಾಲನ್ನು ಬಾಯಿಬಿಟ್ಟು ಓದುತ್ತೇನೆ. ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ. ಅವರು ಬರೆದಾಗ ಸುಳ್ಳಾಗಿದ್ದ ಮಾತು ನಾನು ಓದಿದಾಗ ನಿಜವಾಗುತ್ತದೆ.